ಗಾಲಿ ಬಿಚ್ಚಿಟ್ಟ ಮಿಸ್ತ್ರಿ

ಅವರ ಬಲಗಿವಿಯ ಮುಂದೆ ರೂಪಾಯಿ ಅಗಲದ ಕರಿ ಕಲೆಯೊಂದು ಸದಾ ಇರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳಿ ಕೇಳಿ ಆದ ಗ್ರೀಸಿನ ಕಲೆ. ಅವರ ಹೆಂಡತಿ, "ನಾ ಹೇಳಿದ್ದು ಆ ಕಿವ್ಯಾಗ ಹೋಗೂದಿಲ್ರೀ, ಗಾಡಿ ಹೇಳಿದ್ದಷ್ಟ ಹೋಗತದ" ಎಂದು ನಗುತ್ತಿದ್ದರು.

ಮುಂಬಯಿ ಹತ್ತಿರದ ವಿಠ್ಠಲವಾಡಿ ಸ್ಟೇಷನ್ನಿನ ಹಿಂದೆ ಅವರ ಕಾರು ರಿಪೇರಿಯ ತಗಡಿನ ಶೆಡ್ಡು. ಗದಗಿನ ಕಡೆಯವರು, ನಮಗೆಲ್ಲ ಅವರು ಬರೀ ಮಿಸ್ತ್ರಿ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಮಹಾಪೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕಾರಿದ್ದವನು ನಾನೊಬ್ಬನೇ. ಮೂರು ಜನರ ಕೈ ದಾಟಿ ಬಂದ ಕಾರಾದರೂ ನನ್ನ ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಮಿಸ್ತ್ರಿ ಗಾಲಿಗೆ ಬೇರಿಂಗ್ ಕೂರಿಸುವುದನ್ನು ನೋಡುವುದೇ ಚೆಂದ. ಸುತ್ತಿಗೆಯಿಂದ ಬಡಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಂಗೈಯಲ್ಲಿ ಗ್ರೀಸು ತುಂಬಿಕೊಂಡು ಬೇರಿಂಗಿನ ಸಂದು ಸಂದಿಗೂ ಒತ್ತುವರು, ಮಗುವಿಗೆ ತುತ್ತು ಉಣ್ಣಿಸುವಷ್ಟು ತಾಳ್ಮೆ. ನಟ್ಟನ್ನು ಪೂರ್ತಿ ಬಿಗಿದು ಮತ್ತೆ ತುಸು ಸಡಿಲಿಸುವರು. "ಇನ್ನೂ ಟೈಟ್ ಮಾಡ್ರಿ" ಎಂದು ನಾನೊಮ್ಮೆ ತಲೆ ಹಾಕಿದ್ದಕ್ಕೆ, "ಭಾಳ ಬಿಗದ್ರ ಬಿಸಿ ಆಗಿ ಸುಡತದ, ಭಾಳ ಬಿಟ್ರ ಅಲಗಾಡಿ ಸವೀತದ. ಮನ್ಯಾಗ ಹೆಂಡ್ತೀನ ಕೇಳ್ರಿ, ತಿಳಿಸಿ ಹೇಳ್ತಾರ" ಎಂದರು.

ಆ ವರ್ಷ ಖಂಡೇನವಮಿಯ ಆಯುಧಪೂಜೆಗೆ ನಾನೊಂದು ಘನಕಾರ್ಯ ಮಾಡಿದೆ. ಊರಲ್ಲಿ ಪೂಜೆಗೆ ಮುಂಚೆ ಬಂಡಿಯನ್ನು ಹೊಳೆಗಿಳಿಸಿ ತೊಳೆಯುವುದು ನಮ್ಮ ಪದ್ಧತಿ. ಇಲ್ಲಿ ಬಂಡಿಯಿಲ್ಲ, ಕಾರಿದೆ. ಕಲ್ಯಾಣದಲ್ಲಿ ಉಲ್ಹಾಸ ನದಿಯಿದೆ. ಮಹಾಪೆಯಿಂದ ಒಂದೇ ಓಟದಲ್ಲಿ ಬಂದವನು ಹಾಗೇ ಕಾರನ್ನು ಗಾಲಿಯ ಅರ್ಧ ಮುಳುಗುವಷ್ಟು ನೀರಿಗೆ ಇಳಿಸಿಬಿಟ್ಟೆ. ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಕೊಟ್ಟು ಕೃತಾರ್ಥನಾದೆ.

ತುಳಸಿ ಲಗ್ನದ ಹೊತ್ತಿಗೆ ಕಾರು ಗುಂಯ್‌ಗುಟ್ಟತೊಡಗಿತು. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚು. ರಸ್ತೆಯ ದೋಷ ಎಂದುಕೊಂಡು ಸುಮ್ಮನಾದೆ. ಅಷ್ಟರಲ್ಲಿ ತಂಗಿಯ ಮದುವೆ ಬಂತು. ಹುಬ್ಬಳ್ಳಿಯ ಬೀಗರಿಗೆ, "ಅಳಿಯಂದಿರನ್ನು ಸ್ಟೇಷನ್ನಿನಿಂದ ಕಾರಿನಲ್ಲೇ ಕರೆತರುತ್ತೇವೆ" ಎಂದು ಜಂಬದಿಂದ ಕಾಗದ ಬರೆದಿದ್ದೆ. ಮದುಮಗ ಬರುವ ಹಿಂದಿನ ಸಂಜೆ, ಸದ್ದೊಂದು ಅಡಗಲಿ ಎಂದು ಕಾರನ್ನು ವಿಠ್ಠಲವಾಡಿಗೆ ಒಯ್ದೆ.

ಮಿಸ್ತ್ರಿ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. "ಎಡಕ್ಕ ಹೊರಳಸ್ರಿ." ಸದ್ದು ಏರಿತು. "ಬಲಕ್ಕ." ಇಳಿಯಿತು. "ಎಡಕ್ಕ ಹೊರಳಿದ್ರ ಭಾರ ಬಲಗಾಲಿ ಮ್ಯಾಲೆ ಬೀಳತದ. ಅದಽ ಅಳಾಕತ್ತದ. ಸಾಹೇಬ್ರ, ಗಾಡೀನ ನೀರಿಗೆ ಇಳಿಸಿದ್ರೇನು?"

ನಾನು ಒಪ್ಪಿಕೊಂಡೆ.

"ಕಾದ ಗಾಲಿ ಒಮ್ಮಿಗೇ ತಣ್ಣಗಾದ್ರ ಒಳಗ ನೀರು ಎಳಕೋತದ. ಗ್ರೀಸು ಕೆಡತದ, ತುಕ್ಕು ಹಿಡೀತದ. ಹೊಸಾ ಬೇರಿಂಗ್ ನಾಳೆ ಮಧ್ಯಾಹ್ನ ಸಿಗತದ, ಸಂಜೀಕ ಬರ್ರಿ."

"ನಾಳೆ ಮುಂಜಾನೆ ಅಳಿಯ ಬರತಾನ್ರೀ! ಒಂದು ದಿನ ಹೆಂಗರ ಓಡಸ್ರಿ!"

ಅವರು ಜ್ಯಾಕು ಕೊಟ್ಟು ಗಾಲಿ ಬಿಚ್ಚಿ ಒಳಗೆ ಒಯ್ದಿಟ್ಟು ಬಂದರು. ನಾನು ಬಾಯಿಗೆ ಬಂದಂತೆ ಬೈದೆ. ಗ್ರೀಸು ಮೆತ್ತುವವನಿಗೆ ಮಾನ ಮರ್ಯಾದೆ ಏನು ಗೊತ್ತು ಎಂದೂ ಅಂದೆ. "ಬೈರಿ. ಗಾಲಿ ಮಾತ್ರ ಕೊಡೂದಿಲ್ಲ" ಎಂದು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿದರು.

ಮದುಮಗ ಕಲ್ಯಾಣ ಸ್ಟೇಷನ್ನಿನಿಂದ ಮಂಗಲ ಕಾರ್ಯಾಲಯಕ್ಕೆ ಟಾಂಗಾದಲ್ಲಿ ಬಂದ. ಬೀಗರು ಸಿಟ್ಟಾಗುವ ಬದಲು, ಮುಂಬಯಿ ಕಡೆ ಟಾಂಗಾ ಮೆರವಣಿಗೆಯೇ ಪದ್ಧತಿ ಎಂದು ತಿಳಿದು ಖುಷಿಪಟ್ಟರು. ನನ್ನ ಮುಖ ಮಾತ್ರ ಹರಳೆಣ್ಣೆ ಕುಡಿದಂತಿತ್ತು.

ಮರುದಿನ ಅಕ್ಷತೆ ಮುಗಿದು ಪಂಕ್ತಿ ಕೂರುವಾಗ ಮಿಸ್ತ್ರಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪೇಪರಿನ ಪೊಟ್ಟಣ. "ಹೊಸಾದು ಹಾಕೇನಿ. ಇದು ಹಳೇದು." ಬಿಚ್ಚಿದೆ. ಶಾಖಕ್ಕೆ ನೀಲಿಗಟ್ಟಿದ ಉಕ್ಕು. ತಿರುಗಿಸಿದರೆ ಕರಕರ ಎಂದಿತು. ಒಂದು ರೋಲರು ಎರಡು ತುಂಡಾಗಿ ನನ್ನ ಅಂಗೈಗೆ ಬಿತ್ತು. ಓಡುವಾಗ ಅದು ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅವ್ವ ಅದನ್ನು ನೋಡಿದಳು. ಬಾಗಿಲಲ್ಲೇ ನಿಂತಿದ್ದ ಅವರನ್ನು, "ಬರ್ರಿ ಅಣ್ಣಾ" ಎಂದು ಕರೆದೊಯ್ದು, ಬೀಗರ ಪಂಕ್ತಿಯಲ್ಲಿ ಮದುಮಗನ ಪಕ್ಕಕ್ಕೆ ಕೂರಿಸಿ ಹೋಳಿಗೆಗೆ ತಾನೇ ತುಪ್ಪ ಬಡಿಸಿದಳು. ನಾನು ನೀರು ಹಾಕುವ ನೆಪದಲ್ಲಿ ಅವರ ಮುಂದೆ ಎರಡು ಸಲ ಹೋದೆ. ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. "ಹೋಳಿಗಿ ಛಲೋ ಆಗ್ಯಾವು, ಸಾಹೇಬ್ರ" ಎಂದು ಅವರೇ ನಕ್ಕರು.

ನಾಲ್ಕು ವರ್ಷದ ಮೇಲೆ ಕಾಮಾಲೆಯಾಗಿ ಅವರು ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಶೆಡ್ಡಿಗೆ ಬೀಗ ಬಿದ್ದಿತ್ತು. ಅವರ ಹೆಂಡತಿಯ ಮುಂದೆ ಆವತ್ತಿನ ಬೈಗುಳವನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಆಕೆ ಕಣ್ಣೊರೆಸಿಕೊಂಡರು. "ಬೈದದ್ದು ಮನ್ಯಾಗ ಹೇಳೇ ಇಲ್ರೀ. ನಿಮ್ಮ ತಂಗಿ ಮದವ್ಯಾಗ ಅಳಿಯಾನ ಬಾಜೂಕ ಕುಂತು ಉಂಡದ್ದನ್ನ ಅಷ್ಟ ನೂರು ಸಲ ಹೇಳ್ಯಾರ."