ಮಸಗುಪ್ಪಿಯಲ್ಲಿ ಕಳೆ ಕೀಳುವ ರೋಬೋಟು

ಟಿಣ್, ಟಿಣ್, ಟಿಣ್. ಅರಿಶಿಣದ ಸಾಲಿನಲ್ಲಿ ಆ ಸಪ್ಪಳ ನಿಲ್ಲದೆ ಮುಂದೆ ಹೋದದ್ದು ಇನ್ನೂ ಕಿವಿಯಲ್ಲಿದೆ.

ಹುಕ್ಕೇರಿಯಿಂದ ಬೆಳಿಗ್ಗೆ ಎಂಟರ ಬಸ್ಸು ಹಿಡಿದಿದ್ದೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಗೋಕಾಕದಲ್ಲಿ ಚಹಾ, ಎರಡು ಮಿರ್ಚಿ ಭಜಿ. ಅಲ್ಲಿಂದ ಮೂಡಲಗಿ ಕಡೆಯ ಬಸ್ಸು. ಮಸಗುಪ್ಪಿಯಲ್ಲಿ ಇಳಿದಾಗ ಮೋಡ ಕವಿದು ಸೆಕೆ.

ಅದು ನನ್ನ ತವರು. ಅಣ್ಣನ ಮೊಮ್ಮಗಳು ಶೈಲಜಾ ಇಂಜಿನಿಯರು. ಕಳೆ ಕೀಳುವ ರೋಬೋಟನ್ನು ನಮ್ಮ ಹೊಲದಲ್ಲೇ ಟೆಸ್ಟ್ ಮಾಡುತ್ತಿದ್ದಳು. ಮಂಚದಷ್ಟು ಅಗಲದ ಯಂತ್ರ, ಹೊಟ್ಟೆಯಡಿ ತಿರುಗುವ ಬ್ಲೇಡು. ಅದಕ್ಕೆ ಕಂಡದ್ದೆಲ್ಲ ಅವಳ ಟ್ಯಾಬಿನಲ್ಲಿ ಮೂಡುತ್ತಿತ್ತು. ಒಂದೊಂದರ ಸುತ್ತ ಚೌಕ, ಮೇಲೆ ಹೆಸರು.

“ಫೋಟೋ ತೋರಿಸಿ ಹೆಸರು ಕಲಿಸೇವಿ, ಆಯಿ. ಕಳೆ ಅಂದ್ರ ಕೊಯ್ತೈತಿ. ಮನುಷ್ಯ ಅಂದ್ರ ನಿಲ್ತೈತಿ.”

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೂ ಹಾಗೇ ಚಾರ್ಟ್ ತೋರಿಸಿ ‘ಸ್ನೋ’ ಕಲಿಸಿದ್ದರು. ಸ್ಪೆಲಿಂಗ್ ಪರ್ಫೆಕ್ಟ್; ಹಿಮ ಮುಟ್ಟಿದ್ದು ಇಂದಿಗೂ ಇಲ್ಲ.

ಅಷ್ಟರಲ್ಲಿ ಎದುರಿನಿಂದ ಗಂಗವ್ವ ಬಂದಳು. ನಮ್ಮ ಹೊಲದಲ್ಲಿ ದುಡಿಯುತ್ತ ನನ್ನ ಜೊತೆಗೇ ಮುದುಕಿಯಾದವಳು. ನಮ್ಮಲ್ಲಿ ಕಿತ್ತ ಕಳೆ ಕಿತ್ತವರದೇ, ಅವರ ಎಮ್ಮೆಗೆ ಮೇವು. ತಲೆಯ ಮೇಲಿನ ಹೊರೆಯಿಂದ ಹುಲ್ಲು ಸೊಂಟದ ತನಕ ಇಳಿಬಿದ್ದಿತ್ತು. ಅವಳ ಮುಖ ನಮಗಿಲ್ಲ, ಎದುರಿನ ದಾರಿ ಅವಳಿಗಿಲ್ಲ.

ಟ್ಯಾಬಿನಲ್ಲಿ ಅವಳ ಸುತ್ತ ಚೌಕ ಮೂಡಿತು. ಮೇಲೆ ಬರೆದಿತ್ತು: ಕಳೆ.

ಯಂತ್ರ ನಿಲ್ಲಲಿಲ್ಲ, ಟಿಣ್ ಟಿಣ್ ಎನ್ನುತ್ತ ಮುಂದೆಯೇ ಹೋಯಿತು. “ಸ್ಟಾಪ್! ಸ್ಟಾಪ್!” ಎಂದು ಚೀರಿದೆ, ಅದಕ್ಕೆ ಇಂಗ್ಲಿಷ್ ಬರುವುದೆಂಬಂತೆ. ಶೈಲಜಾ ಓಡಿಹೋಗಿ ಕೆಂಪು ಗುಂಡಿ ಒತ್ತಿದಳು. ಬ್ಲೇಡಿಗೂ ಗಂಗವ್ವನ ಪಾದಕ್ಕೂ ಒಂದು ಗೇಣು ಉಳಿದಿತ್ತು.

ಅವಳು ಹೊರೆ ಇಳಿಸಿದಳು. “ಯಾಕ್ರಿ ಅಕ್ಕಾರ, ಹಾವು ಬಂತೇನ್ರಿ?”

ಫೋಟೋದ ಪಾಠವನ್ನೂ ಸೇರಿಸಿ ನಡೆದದ್ದು ಹೇಳಿದೆ. ನಕ್ಕಳು. “ನನಗ ಕಳಿ ಅಂತೇನ್ರಿ? ನಮ್ಮತ್ತಿನೂ ಹಂಗ ಅಂತಿದ್ಲು. ಅಕಿಗೂ ಯಾರರ ಫೋಟೋ ತೋರ್ಸಿದ್ರೇನ!”

ಶೈಲಜಾ ಬ್ಲೇಡಿನ ಕಡೆ ಬಗ್ಗಿದಳು. “ಹೊರಿ ಹೊತ್ತಾವರ ಫೋಟೋ ತೋರಿಸೇ ಇಲ್ಲ, ಆಯಿ. ಬ್ಲೇಡ್ ಬಿಚ್ಚತೀನಿ. ಗಂಗವ್ವ ನಾಕ ಸಲ ಎದುರಿಗೆ ಅಡ್ಡಾಡ್ಲಿ, ಕಲೀತೈತಿ.”

“ಬ್ಯಾಡ ಗಂಗವ್ವ” ಅಂದೆ.

“ನಾಳಿ ಬ್ಯಾರೆ ಹೊಲದಾಗ ಬ್ಯಾರೆ ಹೆಣ್ಮಗಳು ಬರ್ತಾಳಲ್ರಿ ಅಕ್ಕಾರ” ಎಂದು ಹೊರೆ ಎತ್ತಿಕೊಂಡಳು.

ಬ್ಲೇಡು ಬಿಚ್ಚಿದ್ದನ್ನು ಎರಡು ಸಲ ಬಗ್ಗಿ ನೋಡಿದೆ.

ಸಂಜೆಯ ಬಸ್ಸಿಗೆ ಹೊರಟವಳು ಬದುವಿನಿಂದ ತಿರುಗಿ ನೋಡಿದೆ. ಗಂಗವ್ವ ಒಂದು ಕೈಯಿಂದ ಹುಲ್ಲು ಸರಿಸಿ, ಯಂತ್ರಕ್ಕೆ ಮುಖ ತೋರಿಸುತ್ತ ನಡೆಯುತ್ತಿದ್ದಳು.

“ಮಾರಿ ಮುಚ್ಚಿರ್ಲಿಬೇ!” ಶೈಲಜಾ ಕೂಗಿದಳು. “ಮಾರಿ ಕಾಣದಿದ್ರೂ ಗುರ್ತ ಹಿಡೀಬೇಕದು!”

ಗಂಗವ್ವ ಕೈಬಿಟ್ಟಳು. ಹುಲ್ಲು ಮುಖದ ಮೇಲೆ ಬಿತ್ತು. ಆ ಸಂಜೆ ನಾನು ಅವಳನ್ನು ಕೊನೆಗೆ ನೋಡಿದ್ದು ಹಾಗೆ: ಒಂದು ಹಸಿರು ಹೊರೆ, ಕೆಳಗೆ ಎರಡು ಬರಿಗಾಲು, ಯಂತ್ರದ ಎದುರಿಗೇ ನಡೆಯುತ್ತ.