ಪೂಜೆಗಿಟ್ಟ ಕಂಪ್ಯೂಟರಿಗೆ ಬಂದ ವೈರಸ್

ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ತಂದವಳು ನಾನು ಎಂದು ನಮ್ಮ ಬಳಗ ಇಂದಿಗೂ ಹೇಳುತ್ತದೆ. ಎಲ್ಲಿ ನಾಲ್ಕು ಜನ ಕೂತರೂ ಕಥೆ ಹೊರಡುತ್ತದೆ: ಹುಡುಗಿ ಇಂಟರ್ನೆಟ್ಟಿನಲ್ಲಿ ಚಾಟಿಂಗ್ ಮಾಡುತ್ತಿದ್ದಳು, ಒತ್ತಬಾರದ್ದನ್ನೇನೋ ಒತ್ತಿದಳು, ಎಲ್ಲ ಹಾಳಾಯಿತು. ಕಥೆ ಚೆನ್ನಾಗಿದೆ. ತೊಂದರೆ ಏನೆಂದರೆ, ಆ ವರ್ಷದ ಮಳೆಗಾಲದಲ್ಲಿ ಕೆಟ್ಟ ನಮ್ಮ ಫೋನು ದಸರಾ ಬಂದರೂ ರಿಪೇರಿಯಾಗಿರಲಿಲ್ಲ. ಆಗ ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಂತಿಯಲ್ಲೇ, ಹಾಗಾಗಿ ಮನೆಯಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ಇದನ್ನು ಹೇಳಿದರೆ "ವಾದ ಮಾಡಾಕ ಕಾಲೇಜಿನ್ಯಾಗ ಕಲಿಸ್ಯಾರಲ್ಲ" ಎಂದು ನಗುತ್ತಾರೆ. ಹೌದು, ಕಲಿಸಿದ್ದಾರೆ. ಚರ್ಚಾಸ್ಪರ್ಧೆಯಲ್ಲಿ ನಾನು ಕಪ್ ಗೆದ್ದು ತಂದಾಗ ಇದೇ ಜನ ಬಂದು ಪೇಢೆ ತಿಂದು ಹೋಗಿದ್ದರು.

ಆಗ ನಾವು ಹೊರರಾಜ್ಯದಲ್ಲಿ, ಫಾತೋರ್ಡಾದ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಅಪ್ಪ ವೆರ್ಣಾದ ಕಾರ್ಖಾನೆಯೊಂದರ ಆಫೀಸಿನಲ್ಲಿ ನೌಕರಿಗಿದ್ದರು. ಹತ್ತಿರದ ಯಾವ ಪ್ರಿಂಟಿಂಗ್ ಅಂಗಡಿಯಲ್ಲೂ ಕನ್ನಡ ಟೈಪಿಂಗ್ ಇರಲಿಲ್ಲ, ನಮ್ಮ ಕಂಪ್ಯೂಟರಿನಲ್ಲಿ ಇತ್ತು. ಹಾಗಾಗಿ ನಮ್ಮ ಕಡೆಯವರ ತೊಟ್ಟಿಲ ಕಾರ್ಯಕ್ರಮದ ಕಾರ್ಡು, ಕನ್ನಡ ಸಂಘದ ಆಮಂತ್ರಣ, ಎಲ್ಲ ತಯಾರಾಗುತ್ತಿದ್ದುದು ನಮ್ಮಲ್ಲೇ. ಟೈಪ್ ಮಾಡುವವಳು ನಾನು.

ಖಂಡೇನವಮಿಯಂದು ದುಡಿಯುವ ಸಾಮಾನಿಗೆಲ್ಲ ಪೂಜೆ, ಜೊತೆಗೆ ರಜೆ. ದಶಮಿಯ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಅವ್ವ ಅಪ್ಪನ ಸ್ಕೂಟರು, ಈಳಿಗೆ, ನನ್ನ ಪುಸ್ತಕಗಳ ಜೊತೆ ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಮಾನಿಟರಿಗೆ ಹೊಸ ಖಣ ಹೊದಿಸಿದಳು. ಹಿಂದಿನ ಸಂಜೆಯಷ್ಟೇ ನಾನು ಚರ್ಚೆಯ ಟಿಪ್ಪಣಿ ಟೈಪ್ ಮಾಡಿದ್ದೆ, ಎಲ್ಲ ಸರಿಯಾಗಿತ್ತು. ಪೂಜೆ ಮುಗಿಸಿ ಅಪ್ಪ ಮತ್ತು ನಾನು ದಾಬೋಲಿಮ್‌ನಲ್ಲಿದ್ದ ಅವರ ಗೆಳೆಯರ ಮನೆಗೆ ಊಟಕ್ಕೆ ಹೋದೆವು, ಬಸ್ಸಿನಲ್ಲೇ, ಸ್ಕೂಟರಿಗೆ ರಜೆಯಲ್ಲವೇ. ಅವ್ವನಿಗೆ ತಲೆನೋವು, ಅವಳು ಬರಲಿಲ್ಲ.

ಮರುದಿನ ಬನ್ನಿ ಕೊಟ್ಟು ಬಂದು ಅಪ್ಪ ಕಂಪ್ಯೂಟರ್ ಹಚ್ಚಿದರೆ ಒಂದು ಫೋಲ್ಡರೂ ತೆರೆಯಲಿಲ್ಲ. ಪ್ರತಿಯೊಂದರ ಮೂಲೆಯಲ್ಲೂ ಪುಟ್ಟ ಬಾಣದ ಗುರುತು. ಒಳಗಿನದ್ದೆಲ್ಲ ಮಾಯ. ಇದು ನನ್ನದೇ ಕೆಲಸ ಎಂಬ ಅಪ್ಪನ ತೀರ್ಪಿಗೆ ಸಾಕ್ಷಿ ಪುರಾವೆ ಏನೂ ಬೇಕಾಗಲಿಲ್ಲ. ಕರೆಂಟಿನ ಕೇಬಲ್ ಕಿತ್ತು ಸುತ್ತಿ ತಮ್ಮ ಆಫೀಸ್ ಬ್ಯಾಗಿಗೆ ಹಾಕಿಕೊಂಡರು. ಅಂದಿನಿಂದ ಅದು ದಿನಾ ಕಂಪನಿ ಬಸ್ಸಿನಲ್ಲಿ ವೆರ್ಣಾಕ್ಕೆ ಹೋಗಿ ಬರತೊಡಗಿತು.

"ಕಂಪ್ಯೂಟರೂ ಸಾಕು, ಡಿಬೇಟೂ ಸಾಕು. ಬೆಳಗಾವಿಗೆ ಹೋಗೂದು ಬ್ಯಾಡ," ಎಂದರು. ಬೆಳಗಾವಿಯ ಅಂತರ ಕಾಲೇಜು ಸ್ಪರ್ಧೆಗೆ ನಮ್ಮ ಕಾಲೇಜಿನಿಂದ ನನ್ನೊಬ್ಬಳ ಹೆಸರು ಹೋಗಿತ್ತು.

ಹಬ್ಬ ಮುಗಿದ ಮೇಲೆ ಒಂದು ಸಂಜೆ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಅಪ್ಪನಿಗೆ ನೌಕರಿ ಕೊಡಿಸಿದವರು ಅವರು, ನಮಗೆಲ್ಲ ಕಾಕಾ. ಕೊರಳಿನ ದಾರದಲ್ಲಿ ಪೆನ್ ಡ್ರೈವ್ ತೂಗುತ್ತಿತ್ತು.

"ನಿಮ್ಮ ಕಂಪ್ಯೂಟರಿನ ರೋಗ ನನಗೂ ಹತ್ತಿಸೀರಿ ನೋಡ್ರಿ," ಎಂದು ಅಪ್ಪನಿಗೆ ಹೇಳಿದರು. "ಹಬ್ಬದ ಮುಂದ ತಗೊಂಡ ಹೊಸಾ ಪೆನ್ ಡ್ರೈವ್. ಸೈಬರ್ ಕೆಫೆಕ್ಕ ಹೋಗಿ ಫೋಟೋ ತುಂಬಿಸಿಕೊಂಡು ಬಂದಿದ್ದೆ. ಎಲ್ಲಾ ಹೋತು."

ನಾನು ಕೇಳಿದೆ: "ಕಾಕಾ, ಇದನ್ನ ನಮ್ಮ ಕಂಪ್ಯೂಟರಿಗೆ ಯಾವಾಗ ಹಚ್ಚಿದ್ರಿ?"

"ನಾ ಎಲ್ಲಿ ಹಚ್ಚೇನವಾ?"

"ಹಚ್ಚಿಲ್ಲಂದ್ರ ನಮ್ಮ ರೋಗ ನಿಮಗ ಹೆಂಗ ಹತ್ತಿತ್ರಿ, ಗಾಳಿಮ್ಯಾಲೆ ಬಂತೇನು? ಹಚ್ಚೀರಿ ಅಂದ್ರ ಯಾವಾಗ? ಹಬ್ಬದ ಹಿಂದಿನ ಸಂಜಿ ಅಲ್ಲಿ ಕುಂತಾಕಿ ನಾನು, ಎಲ್ಲಾ ಸರಿ ಇತ್ತು. ದಶಮಿಯಿಂದ ಕೇಬಲ್ ಅಪ್ಪನ ಬ್ಯಾಗಿನ್ಯಾಗ ಐತಿ. ಉಳಿದದ್ದು ಖಂಡೇನವಮಿ ಒಂದ. ರೋಗ ಕೆಫೆದಿಂದ ನಿಮ್ಮ ಜೋಡಿ ಬಂದೈತಿ."

ಪೂಜೆಗಿಟ್ಟದ್ದನ್ನು ಮುಟ್ಟಬಾರದೆಂದು ಪ್ರತಿ ದಸರಾಕ್ಕೂ ಸಂಘದಲ್ಲಿ ಭಾಷಣ ಮಾಡುತ್ತಿದ್ದವರು ಇದೇ ಕಾಕಾ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ನೋಡಿದರು. ಅವ್ವ ಒಳಗೆ ಹೋದಳು.

"ನಿಮ್ಮ ಮಗಳಿಗೆ ಬಾಯಿ ಭಾಳ ಆತ್ರಿ," ಎಂದರು ಕಾಕಾ, ಅಪ್ಪನಿಗೆ.

"ಹಿರ್ಯಾರ ಕೂಡ ಹಿಂಗ ಮಾತಾಡ್ತಾರೇನು? ತಪ್ಪಾತು ಅನ್ನು," ಎಂದರು ಅಪ್ಪ.

ನಾನು ಅನ್ನಲಿಲ್ಲ. ಅಂದಿದ್ದರೆ ಬಹುಶಃ ಕೇಬಲ್ ವಾಪಸು ಬರುತ್ತಿತ್ತು, ಬೆಳಗಾವಿಯೂ ಸಿಗುತ್ತಿತ್ತು. ಸ್ಪರ್ಧೆಗೆ ನನ್ನ ಬದಲು ಬೇರೆ ಹುಡುಗಿ ಹೋದಳು. ಇಂದಿಗೂ ನಾನು ಅಂದಿಲ್ಲ.

ಕಾಕಾ ಹೋದ ಮೇಲೆ ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಕೇಳುವ ಮೊದಲೇ ಹೇಳಿದಳು.

"ನೀವು ಊಟಕ್ಕ ಹೋದಾಗ ಬಂದು, ಆಮಂತ್ರಣದ ಒಂದ ಹಾಳಿ ಪ್ರಿಂಟ್ ತಗೀತೀನಿ ಅಂದ್ರು. ನಾ ಒಬ್ಬಾಕಿ ಇದ್ದೆ. ನೌಕರಿ ಕೊಡಿಸಿದಾವ್ರಿಗೆ ಇಲ್ಲ ಅಂತ ಹೆಂಗ ಅನ್ಲಿ?"

ಅದು ನನಗೆ ಅರ್ಥವಾಗುತ್ತದೆ, ಆಗಲೂ ಆಗಿತ್ತು. ನನ್ನ ತಕರಾರು ಅದರ ಮೇಲಿರಲಿಲ್ಲ.

"ಅವ್ವಾ, ಅವರಿಗೆ ಇಲ್ಲ ಅನ್ನಾಕ ಆಗಲಿಲ್ಲ, ಬಿಡು. ಅಪ್ಪ ನನ್ನ ಬೈಯಾಕತ್ತಿದ್ದಾಗ ‘ಅಕಿ ಅಲ್ಲ’ ಅನ್ನಾಕ ನಿನಗ ಏನಾಗಿತ್ತು?"