ಮುಟ್ಟಾಗದೆ ಹೊರಗೆ ಕೂತವಳು

ಮುಟ್ಟಾಗದೆಯೇ ತಿಂಗಳಿಗೆ ಮೂರು ದಿನ ಹೊರಗೆ ಕೂತ ಜಾಣೆಯನ್ನು ಎಲ್ಲಾದರೂ ಕಂಡಿದ್ದೀರಾ? ಫೋನಿನಲ್ಲಿ ಒಂದೇ ಬೆರಳಿನಿಂದ ಇದನ್ನು ಕುಟ್ಟುತ್ತಿರುವ ನಾನೇ ಅವಳು!

ಕರ್ನಾಟಕ ಒಂದಾದ ವರ್ಷ. ಲಕ್ಷ್ಮೇಶ್ವರದ ಅತ್ತೆಮನೆಯಲ್ಲಿ ಐದು ತಿಂಗಳು ನಾನು ಮುಟ್ಟಾಗಲಿಲ್ಲ. ಸೂಲಗಿತ್ತಿ ಹೊಟ್ಟೆ ಒತ್ತಿ ನೋಡಿ, "ಬಸುರಿ ಅದಾಳವ್ವಾ" ಎಂದಳು. ಅತ್ತೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮಾಡಿಯೇಬಿಟ್ಟರು. ಕೂಸು ಇರಲೇ ಇಲ್ಲ. ಗದಗಿನ ಡಾಕ್ಟರು ರಕ್ತ ಕಡಿಮೆ ಎಂದರಷ್ಟೇ. ನನ್ನ ಗದ್ದದ ಮೇಲಿನ ಕೂದಲನ್ನು ಯಾರೂ ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

"ತಿಂಗಳಾ ಹೊರಗ ಕೂಡದಾಕಿನ್ನ ಇಟಗೊಂಡು ಏನ್ ಮಾಡೂದು? ಮಗಗ ಬ್ಯಾರೆ ಹೆಣ್ಣು ನೋಡ್ತೀನಿ" ಎಂದರು ಅತ್ತೆ.

ಅಂದಿನಿಂದ ಪ್ರತಿ ತಿಂಗಳೂ ಸುಳ್ಳೇ ಹಿತ್ತಲಲ್ಲಿ ಕೂತೆ. ಮೂರು ದಿನ ಯಾರೂ ಹತ್ತಿರ ಬರುತ್ತಿರಲಿಲ್ಲ. ಎಮ್ಮೆಯ ಜೊತೆಗಷ್ಟೇ ಮಾತು.

ಮೊನ್ನೆ ನನ್ನ ತಮ್ಮನ ಮೊಮ್ಮಗಳಿಗೆ, ನಾಲ್ಕು ಡಾಕ್ಟರರ ಬಳಿ ಅಲೆದ ಮೇಲೆ, ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇದೆಯೆಂದು ತಿಳಿಯಿತು. ಲಕ್ಷಣಗಳೆಲ್ಲ ನನ್ನವೇ! "ಇಡೀ ಮನಿಗೆ ಟೋಪಿ ಹಾಕಿದ್ದೆ ನೋಡವಾ, ಒಬ್ಬರಿಗೂ ಗೊತ್ತಾಗಲಿಲ್ಲ" ಎಂದು ನಕ್ಕೆ.

ಅವಳು ನಗಲಿಲ್ಲ. "ಒಬ್ಬರಾದ್ರೂ ಕೇಳಬೇಕಿತ್ತಲ್ಲ ಅಜ್ಜಿ, ನಿನಗೇನಾಗೇತಿ ಅಂತ?"